ಪರವಾಗಿಲ್ಲ ಅನ್ನಿಸಿಕೊಂಡ ಕಾರು

ಮಂಗಳವಾರ ಕಸದ ಗಾಡಿ ಬರುವ ದಿನ. ಅದರ ಸದ್ದಿಗೇ ಎಚ್ಚರವಾಯಿತು. ಡಬ್ಬ ಹೊರಗಿಡುವುದು ನನ್ನ ಗಂಡ ರಸೆಲ್‌ನ ಕೆಲಸವಾಗಿತ್ತು. ರಾತ್ರಿಯುಡುಪಿನ ಮೇಲೆ ಅವನ ಕೋಟು ಹಾಕಿಕೊಂಡು ನಾನೇ ಎಳೆದುಕೊಂಡು ಹೋದೆ. ಕಸದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ, "ಇವತ್ತು ಬಿಸಿಲು ಬರೋ ಹಾಗಿದೆ" ಅಂದ.

"ಹೌದು" ಅಂದೆ.

ಶುಕ್ರವಾರ ಅವನನ್ನು ಮಣ್ಣು ಮಾಡಿದ್ದೆವು. ಸೋಮವಾರದವರೆಗೂ ಮನೆ ತುಂಬ ಜನ. ನಮ್ಮಮ್ಮ ನಿನ್ನೆ ಸಂಜೆಯ ರೈಲಿಗೆ ದಕ್ಷಿಣಕ್ಕೆ ಹೊರಟುಹೋದಳು. ಈಗ ಬೀದಿಯಲ್ಲಿ ನಾನು, ಖಾಲಿ ಡಬ್ಬ, ಮನೆಯ ಮುಂದೆ ಆ ಹಸಿರು ಕಾರು.

ಕಾರು ಎರಡು ವಾರದಿಂದ ಅಲ್ಲೇ ನಿಂತಿತ್ತು. ಶವದ ಗಾಡಿ ಬಂದ ದಿನ ಅದಕ್ಕೆ ಒಳಗೆ ಬರಲು ಜಾಗವಿಲ್ಲದೆ ಬೀದಿಯಲ್ಲೇ ನಿಲ್ಲಬೇಕಾಯಿತು. ಪೆಟ್ಟಿಗೆ ಹೊತ್ತವರು ಕಾರಿನ ಕನ್ನಡಿಗೆ ತಾಗದ ಹಾಗೆ ಸೊಂಟ ತಿರುಗಿಸಿಕೊಂಡು ನಡೆದರು. ರಸೆಲ್ ನೋಡಿದ್ದರೆ ನಗುತ್ತಿದ್ದ.

ಕಾರು ನಮ್ಮದಲ್ಲ.

ಉತ್ತರದ ಈ ನಮ್ಮ ಕಣಿವೆಯಲ್ಲಿ ಬೇಸಿಗೆ ಅಂದರೆ ಕೆಲವು ಭಾನುವಾರಗಳು, ಅಷ್ಟೇ. ಆ ಭಾನುವಾರಗಳಿಗಾಗಿಯೇ ಕೆಲವರು ಬಟ್ಟೆಯ ಮಾಡನ್ನು ಹಿಂದಕ್ಕೆ ಮಡಚಿಡುವ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುತ್ತಾರೆ. ಚಳಿಗಾಲವೆಲ್ಲ ಹೊದಿಕೆಯ ಕೆಳಗೆ, ಮೇ ಬಂದರೆ ಹೊರಗೆ. ರಸೆಲ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಹಟ್ಟಿಯಿಂದ ಹಟ್ಟಿಗೆ, ಅಲ್ಲಿಂದ ಡೈರಿಗೆ, ವಾರವಿಡೀ. ಈ ವರ್ಷ ನಾವೂ ಒಂದು ತಗೊಳ್ಳೋಣ ಅಂದ. ಏಪ್ರಿಲ್ ತಿಂಗಳೆಲ್ಲ ಹುಡುಕಿ ಎರಡನ್ನು ಉಳಿಸಿಕೊಂಡ. ಒಂದು ಹಸಿರು ಎಂಜಿ, ನಮ್ಮಿಬ್ಬರಿಗಿಂತ ಹಳೆಯದು. ಪಕ್ಕದ ಕಣಿವೆಯಲ್ಲಿರುವ ನಿವೃತ್ತ ಹಲ್ಲಿನ ಡಾಕ್ಟರ್ ಪೆಟಿಫರ್ ಅವರದು. ಇನ್ನೊಂದು ಕೆಂಪು ಮಾಜ್ದಾ, ಅಷ್ಟು ಹಳತಲ್ಲ. ನಮ್ಮ ಕಣಿವೆಯ ತುದಿಯಲ್ಲಿ ಕುರಿ ಸಾಕುವ ಡೋರೀನ್ ಪೀಕಾಕ್‌ಳದು.

"ಒಂದು ಸುತ್ತಿಗೆ ಕಾರಿನ ಗುಣ ತಿಳಿಯೋದಿಲ್ಲ, ಕೆಲವು ದಿನ ಇಟ್ಟುಕೊಳ್ಳಿ" ಎಂದು ಪೆಟಿಫರ್ ತಮ್ಮ ಹಸಿರು ಕಾರನ್ನು ರಸೆಲ್‌ನ ಕೈಗೆ ಕೊಟ್ಟು ಕಳಿಸಿದ್ದರು.

"ಯಾವುದು?" ಎಂದು ಆ ಸಂಜೆ ಕೇಳಿದ್ದೆ.

"ಭಾನುವಾರ ಹೇಳ್ತೀನಿ."

"ಈಗಲೇ ಗೊತ್ತಿದೆ ನಿಂಗೆ. ಮುಖ ನೋಡಿದ್ರೆ ಕಾಣುತ್ತೆ."

"ಗೊತ್ತಿದೆ. ಭಾನುವಾರ ಹೇಳ್ತೀನಿ."

ಆ ವಾರದ ಗುರುವಾರ, ಅಂದರೆ ಮಣ್ಣಿಗೆ ಎಂಟು ದಿನ ಮೊದಲು, ಡೈರಿಯ ಅಂಗಳದಲ್ಲಿ ಟ್ಯಾಂಕರಿನಿಂದ ಕೆಳಗಿಳಿದವನು ಹಾಗೇ ಕುಸಿದ. ಹೃದಯ ಎಂದರು. ಮೂವತ್ತಾರು ವಯಸ್ಸು.

ನನಗೆ ಆ ಉತ್ತರ ಬೇಕಿತ್ತು. ಕಾರು ಬೇಕಿತ್ತೋ ಇಲ್ಲವೋ, ಹೇಳಲಾರೆ. ಆ ದಿನಗಳಲ್ಲಿ ನನಗೆ ಏನೂ ಬೇಕಿರಲಿಲ್ಲ, ಏನೂ ಬೇಡವಾಗಿಯೂ ಇರಲಿಲ್ಲ. ಕೈಗೆ ಚಹಾ ಕೊಟ್ಟರೆ ಕುಡಿಯುತ್ತಿದ್ದೆ. ಆದರೆ ಅವನು ಯಾವುದನ್ನು ಆರಿಸಿದ್ದ ಎಂಬುದೊಂದು ಮಾತ್ರ ತಿಳಿಯಬೇಕಿತ್ತು. ಅವನ ಬಗ್ಗೆ ಹೊಸದಾಗಿ ತಿಳಿಯಲು ಇನ್ನು ಉಳಿದದ್ದು ಅದೊಂದೇ ಅನ್ನಿಸಿತ್ತು.

ಹತ್ತು ಗಂಟೆಯ ಸುಮಾರಿಗೆ ಅತ್ತೆ, ರಸೆಲ್‌ನ ತಾಯಿ ಮೋರಿನ್ ಬಂದಳು. ಕೈಯಲ್ಲಿ ಮಾಂಸದ ಪೈ. ಅಡುಗೆಮನೆಯಲ್ಲಿ ಇನ್ನೂ ಮೂರು ಮನೆಗಳ ಪೈ ಇದ್ದವು. ಅವನ್ನು ಒಂದೊಂದಾಗಿ ಮೂಸಿ ನೋಡಿ ತನ್ನದನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು.

"ತಿಂದ್ಯಾ ಏನಾದ್ರೂ?"

"ತಿಂದೆ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಕೂತ್ಕೋ." ಪೈ ಕತ್ತರಿಸುತ್ತಾ ಕಿಟಕಿಯಾಚೆ ನೋಡಿದಳು. "ಆ ಕಾರು ಏನ್ಮಾಡ್ತೀಯ?"

"ಗೊತ್ತಿಲ್ಲ. ಅವರು ವಾಪಸ್ ಕೇಳಿಲ್ಲ."

"ಕೇಳ್ತಾನಾ ಅವನು? ಮಣ್ಣಿಗೆ ಬಂದಿದ್ದ ನೋಡು, ಎರಡು ಬಸ್ ಬದಲಾಯಿಸ್ಕೊಂಡು ಬಂದಿದ್ದ ಪಾಪ. ತನ್ನ ಕಾರು ಇಲ್ಲೇ ನಿಂತಿದೆ! ಅದರ ಪಕ್ಕದಲ್ಲೇ ನಿಂತು ಸ್ಯಾಂಡ್‌ವಿಚ್ ತಿಂದ. ಒಂದು ಸಲ ಬಾನೆಟ್ ಮೇಲೆ ಕೈಯಿಟ್ಟ, ಯಾರೋ ನೋಡಿದ್ರು ಅಂತ ತಕ್ಷಣ ತೆಗೆದ. ಆಮೇಲೆ ಮತ್ತೆ ಬಸ್ಸಿಗೆ ಹೋದ."

"ಹೇಳಬಹುದಿತ್ತಲ್ಲ ಮೋರಿನ್."

"ಸಾವಿನ ಮನೇಲಿ ನನ್ನ ಕಾರು ಕೊಡಿ ಅಂತಾನಾ? ಹಲ್ಲು ಕೀಳೋವಾಗಲೂ ಕ್ಷಮೆ ಕೇಳ್ತಿದ್ದ ಮನುಷ್ಯ. ನನ್ನ ದವಡೆ ಹಲ್ಲಿಗೆ ಮೂರು ಸಲ ಕೇಳಿದ. ನಂಗಲ್ಲ, ಹಲ್ಲಿಗೆ."

ನಗು ಬಂತು. ಇಬ್ಬರಿಗೂ ಬಂತು. ಆಮೇಲೆ ಇಬ್ಬರೂ ಪೈ ತಿಂದೆವು. ಅವಳು ಹೋಗುವಾಗ ರಸೆಲ್‌ನ ಕೋಟನ್ನು ನನ್ನ ಮೈಮೇಲಿಂದ ತೆಗೆಸಿ, ತೋಳಿನ ಧೂಳು ಕೊಡವಿ, ಮತ್ತೆ ನನಗೇ ತೊಡಿಸಿ ಹೋದಳು.

ಅವಳು ಹೋದ ಮೇಲೆ ಪೆಟಿಫರ್‌ಗೆ ಫೋನ್ ಮಾಡಿದೆ.

"ಅಯ್ಯೋ, ಅವಸರವೇನೂ ಇಲ್ಲ" ಅಂದರು, ನಾನು ಬಾಯಿ ತೆರೆಯುವ ಮೊದಲೇ. "ನೀವು ಅದರ ಯೋಚನೆಯನ್ನೇ ಮಾಡಬೇಡಿ. ನಾನು ನಡೆಯೋದು ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ."

"ರಸೆಲ್ ಕಾರಿನ ಬಗ್ಗೆ ಏನಾದರೂ ಹೇಳಿದ್ದನಾ?"

"ಹೇಳಿದರಲ್ಲ! 'ತುಂಬಾ ಸೊಗಸಾಗಿದೆ' ಅಂದರು. ಎರಡು ಸಲ ಅಂದರು. ಅಷ್ಟು ಬಾಯಿತುಂಬ ಹೊಗಳಿದ್ದು ಕೇಳಿ ನಾನು ಬೇರೆಯವರಿಗೆ ತೋರಿಸೋದನ್ನೇ ನಿಲ್ಲಿಸಿಬಿಟ್ಟೆ."

ಫೋನ್ ಕೆಳಗಿಟ್ಟೆ. ಸಿಕ್ಕಿತು ಉತ್ತರ ಅಂದುಕೊಂಡೆ. ಹಸಿರು. ಅಂಥ ಸಮಾಧಾನವೇನೂ ಆಗಲಿಲ್ಲ. ಆದರೆ ಮಾಡಲು ಒಂದು ಕೆಲಸ ಸಿಕ್ಕಿತು. ಡೋರೀನ್‌ಗೆ ನಿನ್ನ ಕೆಂಪು ಕಾರು ಬೇಡ ಎಂದು ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ. ಎಂಜಿಯ ಬೀಗದ ಕೈ ಹುಡುಕಿದೆ. ಅದು ಕೋಟಿನ ಜೇಬಿನಲ್ಲೇ ಇತ್ತು.

ಅದುವರೆಗೆ ಆ ಕಾರನ್ನು ನಾನು ಓಡಿಸಿರಲಿಲ್ಲ. ರಸೆಲ್ ಜೊತೆ ಹೋದರೆ ಓಡಿಸುವುದು ಅವನು, ನಕ್ಷೆ ಹಿಡಿಯುವುದು ನಾನು. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಅವನಿಗೆ ಪ್ರತಿ ದನದ ಹಾದಿಯೂ ಗೊತ್ತಿತ್ತು. ಆದರೂ ತಿರುವು ಬಂದಾಗ, "ಯಾವ ಕಡೆ ಮೇಡಂ?" ಎಂದು ಕೇಳುತ್ತಿದ್ದ.

ಮಾಡು ಮಡಚುವುದಕ್ಕೇ ಬಹಳ ಹೊತ್ತಾಯಿತು. ಗುಂಡಿ, ಕೊಂಡಿ, ಪಟ್ಟಿ. ಉಗುರು ಮುರಿಯಿತು. ಕ್ಲಚ್ಚು ತುಳಿಯಲು ಸೀಟಿನಿಂದ ಅರ್ಧ ಏಳಬೇಕಿತ್ತು. ಊರು ದಾಟುವಷ್ಟರಲ್ಲಿ ಎಡಗಾಲು ನಡುಗಲು ಶುರುವಾಯಿತು. ಆದರೂ ನನಗೆ ಅದು ಹಿಡಿಸಿತು. ಬಿಸಿ ಎಣ್ಣೆಯ ವಾಸನೆ, ಹಳೆಯ ಚರ್ಮದ ವಾಸನೆ, ಬೇಲಿಗುಂಟ ಬಿಳಿ ಹೂ ಬಿಟ್ಟ ಮುಳ್ಳುಗಿಡಗಳು. ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಓಡದ ಒಂದು ವಸ್ತು ಕೈಯಲ್ಲಿರುವುದು ಅವತ್ತು ಒಳ್ಳೆಯದೇ ಆಯಿತು.

ಸೇತುವೆಯ ಹತ್ತಿರ ಎದುರಿನಿಂದ ಇನ್ನೊಂದು ಎಂಜಿ ಬಂತು, ನೀಲಿಯದು. ಓಡಿಸುತ್ತಿದ್ದ ಗಡ್ಡದ ಮುದುಕ ದೀಪ ಮಿಟುಕಿಸಿ ಕೈಯೆತ್ತಿದ. ಪರಿಚಯದವನಿರಬೇಕೆಂದು ನಾನೂ ಕೈಯೆತ್ತಿದೆ. ಸ್ವಲ್ಪ ದೂರದಲ್ಲಿ ಇನ್ನೊಂದು, ಬಿಳಿ. ಅದರಲ್ಲಿದ್ದ ಹೆಂಗಸೂ ಕೈಯೆತ್ತಿದಳು. ಆಗ ತಿಳಿಯಿತು. ಅವರು ಕೈಯೆತ್ತುತ್ತಿದ್ದುದು ಕಾರಿಗೆ. ಎರಡು ವಾರದಲ್ಲಿ ನನ್ನನ್ನು ನೋಡಿ ತಲೆ ತಗ್ಗಿಸದವರು ಅವರಿಬ್ಬರೇ.

ಡೋರೀನ್‌ಗೆ ಎಪ್ಪತ್ತು ದಾಟಿದೆ. ಹಟ್ಟಿಯ ಬಾಗಿಲಲ್ಲಿ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು, ತಾಯಿ ಬಿಟ್ಟ ಮರಿಗೆ ಶೀಶೆಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನನ್ನು ನೋಡಿದಳು. ಕಾರನ್ನು ನೋಡಿದಳು.

"ಚಹಾ ಕುಡೀತೀಯಾ?" ಅಂದಳು. ಅದೇ ಅವಳ ಸಂತಾಪ. ಹೆಚ್ಚು ಮಾತಾಡಿದ್ದರೆ ನನಗೆ ತಡೆಯಲು ಆಗುತ್ತಿರಲಿಲ್ಲ.

ಚಹಾದ ಜೊತೆ ಹಣ್ಣಿನ ಕೇಕು, ಅದರ ಮೇಲೊಂದು ಚೂರು ಚೀಸು ಇಟ್ಟುಕೊಟ್ಟಳು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ, "ಯಾವತ್ತು ತಗೊಂಡು ಹೋಗ್ತೀಯ?" ಅಂದಳು.

"ಏನನ್ನ?"

"ನಿನ್ನ ಕಾರು ಕಣಮ್ಮಾ. ಒಳಗಡೆ ಕುರಿಮರಿ ಹಿಕ್ಕೆ ಬೀಳಬಾರದು ಅಂತ ಹಾಸಿಗೆ ಬಟ್ಟೆ ಹೊದಿಸಿಟ್ಟಿದ್ದೀನಿ. ಲೇಬರ್ನ್ ಪೇಟೆಯಿಂದ ಇಬ್ಬರು ಬಂದಿದ್ರು ಕೇಳ್ಕೊಂಡು. ಮಾರಿಯಾಗಿದೆ ಅಂತ ಕಳಿಸ್ದೆ."

"ಆದರೆ ರಸೆಲ್ ತಗೋತೀನಿ ಅಂತ ಹೇಳಿದ್ನಾ?"

"ಹೇಳದೆ ಏನು? 'ಪರವಾಗಿಲ್ಲ' ಅಂದ."

"ಪರವಾಗಿಲ್ಲ ಅಂದನಾ?"

"ಹ್ಞೂಂ. ಸುತ್ತ ಒಂದು ಸಲ ನಡೆದ. ಮೂಗು ಒರೆಸ್ಕೊಂಡ. 'ಪರವಾಗಿಲ್ಲ ಡೋರೀನ್' ಅಂದ. ಇನ್ನೇನು ಹೇಳಬೇಕಿತ್ತು? ಚರ್ಚಲ್ಲಿ ಬಂದು ಆಣೆ ಮಾಡಬೇಕಿತ್ತಾ?"

ನಾನು ಕೇಕನ್ನು ತಟ್ಟೆಯಲ್ಲಿಟ್ಟೆ.

ನಾನು ಇದೇ ದೇಶದ ದಕ್ಷಿಣದ ಕಡಲ ಊರಿನವಳು. ಅಲ್ಲಿ ಸೊಗಸು ಅಂದರೆ ಸೊಗಸು. ಲೀಡ್ಸ್‌ನಲ್ಲಿ ಓದಲು ಬಂದವಳು ಇವನನ್ನು ಕಂಡು ಇಲ್ಲೇ ಉಳಿದೆ. ಇಲ್ಲಿನ ಭಾಷೆ ನನ್ನದೇ, ಆದರೂ ಅದರಲ್ಲಿ ಒಂದೆರಡು ಮಾತು ತಿರುಗುಮುರುಗು. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಮೊದಲ ಮೀನಿನ ಸಾರನ್ನು ರಸೆಲ್ "ತುಂಬಾ ಸೊಗಸಾಗಿದೆ" ಎಂದು ಹೊಗಳಿ, ಎದ್ದು ಹೋಗಿ ಬ್ರೆಡ್ ಸುಟ್ಟುಕೊಂಡ. ಅವನ ಅಕ್ಕ ಕ್ರಿಸ್‌ಮಸ್‌ಗೆ ಹೆಣೆದುಕೊಟ್ಟ ಹಿಮಸಾರಂಗದ ಸ್ವೆಟರು ಸೊಗಸಾಗಿತ್ತು. ಪಕ್ಕದ ಮನೆಯವರ ಹೊಸ ಪ್ಲಾಸ್ಟಿಕ್ ಕಿಟಕಿ ಸೊಗಸಾಗಿತ್ತು. ಬೇಡವಾದದ್ದಕ್ಕೆ, ಎದುರಿನವರ ಮನಸ್ಸು ನೋಯಬಾರದು ಎಂದು ಹೇಳುವ ಮಾತು ಅದು.

ಆಗಸ್ಟಿನಲ್ಲಿ ಗುಡ್ಡವೆಲ್ಲ ನೇರಳೆ ಹೂವಾಗಿ ನಿಂತಾಗ ಅವನು ಅಂದದ್ದು, "ಪರವಾಗಿಲ್ಲ." ನನ್ನನ್ನು ಮೊದಲ ಸಲ ಮನೆಗೆ ಕರೆತಂದು ಕಳಿಸಿದ ಮೇಲೆ, "ಹೇಗಿದ್ದಾಳೋ ಹುಡುಗಿ?" ಎಂದು ಮೋರಿನ್ ಕೇಳಿದಳಂತೆ. "ಪರವಾಗಿಲ್ಲ" ಅಂದನಂತೆ. ಮರುದಿನವೇ ಅವಳು ಮಗನ ಮದುವೆಗೆ ತಾನು ಹಾಕಿಕೊಳ್ಳುವ ಟೋಪಿ ಕೊಳ್ಳಲು ಪೇಟೆಗೆ ಹೋದಳು.

ಇದೆಲ್ಲ ಗೊತ್ತಿದ್ದೂ ಬೆಳಿಗ್ಗೆ ಫೋನಿನಲ್ಲಿ ದಕ್ಷಿಣದ ಕಿವಿಯಿಂದ ಕೇಳಿಬಿಟ್ಟಿದ್ದೆ. ಪೆಟಿಫರ್ ಕೂಡ ನಮ್ಮ ದಕ್ಷಿಣದ ಕಡೆಯವರೇ.

"ಏನಾಯ್ತೇ?" ಅಂದಳು ಡೋರೀನ್.

"ಏನಿಲ್ಲ. ಕಾರು ತೋರಿಸ್ತೀಯಾ?"

ಮರಿಗಳ ಹಟ್ಟಿಯ ಮೂಲೆಯಲ್ಲಿತ್ತು. ಹೂವಿನ ಚಿತ್ರದ ಹಳೆಯ ಹಾಸಿಗೆ ಬಟ್ಟೆ ಎಳೆದಳು. ಕೆಂಪಗೆ, ಪುಟ್ಟದಾಗಿ, ಸ್ವಲ್ಪ ತುಂಟ ಮುಖದ ಕಾರು.

"ಮಾರೋಕೆ ಮನಸ್ಸಿಲ್ಲ ನಂಗೆ. ಮಂಡಿ ಕೇಳಬೇಕಲ್ಲ? ಒಳಗೆ ಬೀಳೋದು ಸುಲಭ. ಹೊರಗೆ ಬರೋಕೆ ಕುರಿನಾಯಿ ಕೈಲಿ ಎಳೆಸ್ಕೋಬೇಕು. ಕೂತ್ಕೋ, ಕೂತ್ಕೋ. ಓಡಿಸು. ನಾನು ಈ ಕಡೆ ಕೂರ್ತೀನಿ."

ಕೂತೆ. ಕಾಲು ಸರಿಯಾಗಿ ತಲುಪಿತು. ಸೀಟು ಮುಂದೆ ಎಳೆಯಬೇಕಾಗಲಿಲ್ಲ. ಡೋರೀನ್ ನನ್ನಷ್ಟೇ ಕುಳ್ಳಿ.

"ರಸೆಲ್ ಇದರಲ್ಲಿ ಹೇಗೆ ಕೂತ? ಅಷ್ಟುದ್ದದ ಅವನ ಕಾಲು..."

"ಅಲ್ಲಿ ಕೂರಲೇ ಇಲ್ಲ ಅವನು."

"ಮತ್ತೆ ಓಡಿಸಿದ್ದು?"

"ಓಡಿಸಲೇ ಇಲ್ಲ ಕಣಮ್ಮಾ! ನಂಗೇ ಓಡಿಸು ಅಂದ. ತಾನು ಇಲ್ಲಿ, ನಾನು ಈಗ ಕೂತಿರೋ ಕಡೆ, ಮಂಡಿ ಗಲ್ಲಕ್ಕೆ ಒತ್ಕೊಂಡು, ಮಡಚಿಟ್ಟ ಕುರ್ಚಿ ಹಾಗೆ ಕೂತ. ಯಾಕಪ್ಪಾ, ಕಾರು ನಿಂಗಲ್ವಾ ಅಂದೆ. 'ವಾರ ಪೂರ್ತಿ ನಾನೇ ಓಡಿಸ್ತೀನಿ. ಭಾನುವಾರ ಅವಳು ಓಡಿಸ್ಲಿ. ನಾನು ಸುಮ್ನೆ ಕೂತು ಕುರಿ ನೋಡ್ತೀನಿ' ಅಂದ."

"ಕುರಿನಾ?"

"ಟ್ಯಾಂಕರ್ ಓಡಿಸೋವಾಗ ರಸ್ತೆ ಬಿಟ್ಟು ಆಚೆ ಈಚೆ ನೋಡೋ ಹಾಗಿಲ್ವಂತೆ. ಹದಿನಾರು ವರ್ಷದಿಂದ ಈ ಕಣಿವೇಲಿ ಓಡಾಡ್ತಿದ್ದೀನಿ, ಕಣಿವೆನೇ ನೋಡಿಲ್ಲ ಅಂದ. ಆಮೇಲೆ ನಿನ್ನೆತ್ತರ ಕೈಯಲ್ಲಿ ತೋರಿಸ್ದ, ನನ್ನ ನೆತ್ತಿವರೆಗೆ. 'ಇಷ್ಟಿದ್ದಾಳೆ, ಇದರ ಕ್ಲಚ್ಚು ತುಳೀತಾಳಾ' ಅಂದ. ನನ್ನ ಮೊಣಕಾಲೇ ತುಳಿಯುತ್ತೆ, ಅವಳದ್ದೇನು ಅಂದೆ. ಅವನು ತಂದಿಟ್ಟುಕೊಂಡಿದ್ನಲ್ಲ ಆ ಹಸಿರು, ಅದಕ್ಕೆ ಎತ್ತಿನ ಕಾಲು ಬೇಕು ಅಂದ."

ನನ್ನ ಎಡಗಾಲು ಇನ್ನೂ ನಡುಗುತ್ತಿತ್ತು.

ಕಾರನ್ನು ಹೊರಗೆ ತೆಗೆದೆ. ಮಾಡು ಒಂದೇ ಕೈಗೆ ಹಿಂದಕ್ಕೆ ಬಿತ್ತು. ಗುಡ್ಡದ ರಸ್ತೆ ಹತ್ತಿದೆವು. ಗೇರು ಬೆರಳ ತುದಿಗೆ ಬೀಳುತ್ತಿತ್ತು. ತಿರುವಿನಲ್ಲಿ ನಾನು ಏನಂದುಕೊಂಡೆನೋ ಕಾರು ಅದನ್ನು ಮೊದಲೇ ಅಂದುಕೊಂಡಿರುತ್ತಿತ್ತು. ಡೋರೀನ್ ಕಲ್ಲಿನ ಗೋಡೆಗಳಾಚೆ ನೋಡುತ್ತಾ ಮಾತಾಡುತ್ತಲೇ ಇದ್ದಳು.

"ಅದು ಪಕ್ಕದ ಹಟ್ಟಿ ರೇನರ್‌ನ ಕುರಿ. ಮುಖ ನೋಡು, ಯಜಮಾನನ ಹಾಗೇ ಸೊಟ್ಟ. ಇದು ನಮ್ಮದು. ನಡಿಗೆ ನೋಡು, ರಾಣಿ. ಏಯ್, ರಸ್ತೆ ನೋಡೇ! ಕುರಿ ನೋಡೋದು ಈ ಕಡೆ ಕೂತವರ ಕೆಲಸ."

ಈ ಕಡೆ ಕೂತವರ ಕೆಲಸ. ರಸೆಲ್ ತನಗಾಗಿ ಆರಿಸಿಕೊಂಡದ್ದು ಆ ಸೀಟನ್ನು. ಆ ಎತ್ತರದ ಮನುಷ್ಯ ಮಂಡಿ ಮಡಚಿಕೊಂಡು, ಭಾನುವಾರ ಮಧ್ಯಾಹ್ನ, ನಾನು ಕರೆದೊಯ್ದಲ್ಲಿಗೆ ಬರಬೇಕೆಂದಿದ್ದ. ತಿರುವು ಬಂದಾಗ ಏನು ಕೇಳುತ್ತಿದ್ದನೋ. ಗಾಳಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಗಾಳಿ ನಿಂತರೂ ಬರುತ್ತಿತ್ತು. ಅವನು ಸತ್ತ ದಿನದಿಂದ ಬಂದಿರಲಿಲ್ಲ. ಡೋರೀನ್ ಕಂಡಳು. ಕುರಿಗಳ ಕಡೆ ಇನ್ನಷ್ಟು ತಿರುಗಿ ಕೂತು, ರೇನರ್‌ನ ಟಗರನ್ನು ಬೈಯುವುದು ಮುಂದುವರಿಸಿದಳು.

ಅಂಗಳಕ್ಕೆ ವಾಪಸ್ ಬಂದು ನಿಲ್ಲಿಸಿದಾಗ ಕೇಳಿದಳು, "ಹೇಗಿದೆ?"

"ತುಂಬಾ ಸೊಗಸಾಗಿದೆ."

ಅವಳ ಮುಖ ಇಳಿದುಹೋಯಿತು. "ಬೇಡ ಅಂದ್ರೆ ಬೇಡ ಅನ್ನು. ಹಾಗೆಲ್ಲ ಬೈಬೇಡ."

"ಇಲ್ಲ ಡೋರೀನ್, ನಾನು ದಕ್ಷಿಣದವಳು. ನಿಜವಾಗಲೂ ಸೊಗಸಾಗಿದೆ ಅಂದೆ."

"ಹಾಗಾದ್ರೆ ಮನುಷ್ಯರ ಹಾಗೆ ಹೇಳು."

"ಪರವಾಗಿಲ್ಲ."

"ಹ್ಞಾಂ." ಬಾಗಿಲ ಹಿಡಿಕೆ ಹಿಡಿದು ಮೇಲೇಳಲು ನೋಡಿದಳು, ಆಗಲಿಲ್ಲ. "ಈಗ ನಾಯಿ ಕರಿ."

ನಾಯಿಯ ಬದಲು ನಾನೇ ಎಳೆದೆ. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವುದೊಂದು ಬಾಕಿ. ಶನಿವಾರ ಬಂದು ಕಾರು ಒಯ್ಯುತ್ತೇನೆ ಅಂದೆ. ಶನಿವಾರ ಯಾಕೆ, ಇವತ್ತೇ ಒಯ್ಯಿ ಅಂದಳು. ಮೊದಲು ಹಸಿರನ್ನು ಪೆಟಿಫರ್ ಅವರ ಮನೆಗೆ ಮುಟ್ಟಿಸಬೇಕು ಅಂದೆ. ಅದಕ್ಕೆ ಅವಳು ಒಪ್ಪಿದಳು. "ಹೌದು. ರಸೆಲ್ ಸಾಲ ಇಟ್ಕೊಳ್ಳೋನಲ್ಲ."

ದಾರಿಯಲ್ಲಿ ಎಂಜಿಗೆ ಪೆಟ್ರೋಲ್ ತುಂಬಿಸಿದೆ. ಗುಡ್ಡ ದಾಟಿ ಪಕ್ಕದ ಕಣಿವೆಗೆ ಇಳಿದೆ. ಕಾಲು ನೋಯುತ್ತಿತ್ತು. ಬಿಟ್ಟುಕೊಡಲು ಬೇಸರವೂ ಆಗುತ್ತಿತ್ತು. ಅದು ಕೆಟ್ಟ ಕಾರಲ್ಲ. ನನ್ನನ್ನು ಮೊದಲು ಮನೆಯಿಂದ ಹೊರಗೆ ತಂದದ್ದು ಅದೇ.

ಪೆಟಿಫರ್ ಅವರ ಗ್ಯಾರೇಜಿನ ಎರಡೂ ಬಾಗಿಲು ತೆರೆದಿದ್ದವು. ನೆಲ ಗುಡಿಸಿತ್ತು. ಎಣ್ಣೆ ತೊಟ್ಟಿಕ್ಕಿದರೆ ಇರಲಿ ಎಂದು ಹೊಸ ರಟ್ಟು ಹಾಸಿತ್ತು. ಸದ್ದು ಕೇಳಿ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಓಡಿಬಂದರು. ಗೇಟಿನ ಹತ್ತಿರ ಬಂದಾಗ ಓಡುವುದನ್ನು ನಿಲ್ಲಿಸಿ ನಡೆದರು.

"ಅವಸರವಿರಲಿಲ್ಲ. ನಿಜವಾಗಲೂ ಅವಸರವಿರಲಿಲ್ಲ" ಅಂದರು. ಕಣ್ಣು ಕಾರಿನ ಮೇಲೆ.

"ನಾವು ಇದನ್ನು ತೆಗೆದುಕೊಳ್ಳುತ್ತಿಲ್ಲ, ಡಾಕ್ಟರೇ. ನಿಮ್ಮನ್ನು ಇಷ್ಟು ದಿನ ಕಾಯಿಸಿದ್ದಕ್ಕೆ ಕ್ಷಮಿಸಿ."

"ಛೇ ಛೇ. ಆದರೆ ಅವರಿಗೆ ಅಷ್ಟು ಹಿಡಿಸಿತ್ತಲ್ಲ. ಸೊಗಸಾಗಿದೆ ಅಂದಿದ್ದರು."

"ಹೌದು" ಅಂದೆ. "ಎರಡು ಸಲ ಅಂದಿದ್ದ."

ಅವರ ಮುಖ ಅರಳಿತು. ಅದನ್ನು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ರಸೆಲ್ ಆ ಮಾತನ್ನು ಆಡಿದ್ದೇ ಈ ಮುಖಕ್ಕಾಗಿ.

"ನನಗೆ ಕ್ಲಚ್ಚು ಭಾರ" ಅಂದೆ.

"ಓ, ಕ್ಲಚ್ಚು. ಹೌದು, ಹೌದು. ನನ್ನ ಹೆಂಡತಿಯೂ ಹಾಗೇ ಅಂತಿದ್ದಳು." ಬಾನೆಟ್ ಸವರುತ್ತಾ ಕೇಳಿದರು, "ದಾರಿಯಲ್ಲಿ ಯಾರಾದರೂ ಕೈಯೆತ್ತಿದರಾ?"

"ಇಬ್ಬರು."

"ಯಾವ ಬಣ್ಣ?"

"ಒಂದು ನೀಲಿ. ಗಡ್ಡ ಇತ್ತು. ಕಾರಿಗಲ್ಲ, ಓಡಿಸುತ್ತಿದ್ದವರಿಗೆ."

"ಸೇತುವೆ ಹತ್ತಿರವಾ? ಅವನು ಹೊರಗೆ ತೆಗೆದನಾ ಈ ವರ್ಷ! ಇನ್ನೊಂದು?"

"ಬಿಳಿ. ಒಬ್ಬ ಹೆಂಗಸು."

"ಅವಳು ಯಾರೋ ಗೊತ್ತಿಲ್ಲವಲ್ಲ" ಅಂದರು, ಬಹಳ ಖುಷಿಯಿಂದ.

ಕೀಲಿಗಾಗಿ ಅವರು ಕೈಚಾಚಲಿಲ್ಲ. ನಾನೇ ಒಳಗಿಡುತ್ತೇನೆ ಅಂದೆ. ಅವರು ಗ್ಯಾರೇಜಿನೊಳಗೆ ಹಿಂದಕ್ಕೆ ಹೋಗಿ ಎರಡೂ ಕೈ ಎತ್ತಿ ಕರೆಯತೊಡಗಿದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಎಡಕ್ಕೆ, ಸಾಕು. ರಟ್ಟಿನ ಮೇಲೆ ಸರಿಯಾಗಿ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಇಳಿದು ಕೀಲಿಯನ್ನು ಅವರ ಅಂಗೈಯಲ್ಲಿಟ್ಟೆ.

"ಕೊಟ್ಟಿದ್ದಿರಿ, ತುಂಬಾ ಉಪಕಾರವಾಯಿತು" ಅಂದೆ. "ರಸೆಲ್ ಹೇಳಬೇಕಿತ್ತು. ಅವನ ಲೆಕ್ಕದಲ್ಲಿ ನಾನು ಹೇಳುತ್ತಿದ್ದೇನೆ."